ಬಾಣಂತಿಯ ಕಾಣದ ಸ್ನಾಯು

ತಾಳೀಕೋಟೆಯ ಯುದ್ಧ ಯಾವ ವರ್ಷ, ಶ್ರೀರಂಗಪಟ್ಟಣದ ಒಪ್ಪಂದದ ಷರತ್ತುಗಳೇನು ಎಂದು ಮೂವತ್ತೆರಡು ವರ್ಷ ಕೇಳುತ್ತ ಬಂದವಳು ನಾನು. ನನ್ನ ತರಗತಿಯಲ್ಲಿ ಕುಳಿತ ನಿಮಗೆಲ್ಲ ಅದು ಚೆನ್ನಾಗಿ ನೆನಪಿರಬೇಕು. ಆದರೆ ಹೆರಿಗೆಯಾದ ಮೇಲೆ ಹೆಣ್ಣಿನ ದೇಹ ಹೇಗೆ ಮೊದಲಿನಂತಾಯಿತು, ಆಗದಿದ್ದಾಗ ಆಕೆ ಏನು ಮಾಡಿದಳು ಎಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬಂದದ್ದಿಲ್ಲ. ಅದಕ್ಕೂ ಒಂದು ಇತಿಹಾಸವಿದೆ, ಇಸವಿಗಳಿವೆ, ಹೆಸರುಗಳಿವೆ. ನಮ್ಮ ಶಾಲೆಯಲ್ಲಿ ಓದಿ ಮುಂದೆ ಫಿಜಿಯೋಥೆರಪಿ ಕಲಿತ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಮನೆಗೆ ಬಂದು ಇದರ ಎಳೆಯನ್ನು ನನ್ನ ಕೈಗಿತ್ತಳು. ಅಂದಿನಿಂದ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಂಡುಮಕ್ಕಳು ಇದು ತಮಗಲ್ಲವೆಂದು ಎದ್ದು ಹೋಗಬಾರದಾಗಿ ವಿನಂತಿ.

ಮೊದಲು ವಿಷಯವನ್ನು ಸರಳವಾಗಿ ಹೇಳಿಬಿಡುತ್ತೇನೆ. ಸೊಂಟದ ಮೂಳೆಗಳು ಸೇರಿ ಒಂದು ಬೋಗುಣಿಯ ಆಕಾರವಾಗಿದೆಯಷ್ಟೆ. ಆ ಬೋಗುಣಿಗೆ ಮೂಳೆಯ ತಳವಿಲ್ಲ. ಮುಂದಿನ ಮೂಳೆಯಿಂದ ಹಿಂದೆ ಬೆನ್ನೆಲುಬಿನ ತುದಿಯವರೆಗೆ ತೊಟ್ಟಿಲ ಜೋಲಿಯಂತೆ ಹರಡಿಕೊಂಡ ಸ್ನಾಯುಗಳೇ ಅದರ ತಳ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ; ನಾವು ಶ್ರೋಣಿತಳ ಎನ್ನೋಣ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಈ ಜೋಲಿಯ ಆಸರೆಯಲ್ಲಿವೆ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಹೊರಬರದಂತೆ ತಡೆಯುವ ಕೆಲಸದಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಒಳ ಅಂಚು ತನ್ನ ಉದ್ದದ ಮೂರು ಪಟ್ಟಿಗೂ ಮಿಕ್ಕು ಹಿಗ್ಗಬೇಕಾಗುತ್ತದೆಂದು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು ೨೦೦೪ರಲ್ಲಿ ಕಂಪ್ಯೂಟರ್ ಮಾದರಿಯೊಂದರಿಂದ ಲೆಕ್ಕ ಹಾಕಿದರು. ದೇಹದ ಬೇರಾವ ಸ್ನಾಯುವನ್ನಾದರೂ ಅಷ್ಟು ಎಳೆದರೆ ಹರಿದು ಹೋದೀತು. ಇದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಸಡಿಲವಾಗಿಯೋ ಕಿತ್ತುಹೋಗಿಯೋ ಉಳಿಯುತ್ತದೆ. ಆಗ ಮೂತ್ರ ತಡೆಯಲಾಗದು. ವಯಸ್ಸಾದಂತೆ ಗರ್ಭಕೋಶವೇ ಕೆಳಗೆ ಜಾರಬಹುದು.

ನಮ್ಮ ದೊಡ್ಡಮ್ಮ ಎಂಟು ಹೆತ್ತವರು. ಹರಿಕಥೆಯೆಂದರೆ ಪ್ರಾಣ ಬಿಡುತ್ತಿದ್ದವರು ಐವತ್ತರ ನಂತರ ಊರ ದೇವಸ್ಥಾನದ ಹರಿಕಥೆಗೂ ಹೋಗುವುದನ್ನು ಬಿಟ್ಟರು. ಬಸ್ಸಿನ ಪ್ರಯಾಣವಂತೂ ಬೇಡವೇ ಬೇಡ. ಕೆಮ್ಮು ಬಂದರೆ ನಡುಮನೆಯ ಕಂಬವನ್ನು ಹಿಡಿದು ಕಾಲುಗಳನ್ನು ಬಿಗಿದು ನಿಂತುಬಿಡುತ್ತಿದ್ದರು. ನಾವು ಮಕ್ಕಳು ಅದನ್ನು ಮಡಿಯ ಅತಿರೇಕವೆಂದು ತಿಳಿದು ಹಿಂದಿನಿಂದ ನಗುತ್ತಿದ್ದೆವು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನಮ್ಮಮ್ಮ ದನಿ ತಗ್ಗಿಸಿ ಹೇಳಿದರು: "ಅಕ್ಕನಿಗೆ ಗರ್ಭಕೋಶ ಇಳಿದಿತ್ತು ಕಣೆ. ಮೂವತ್ತು ವರ್ಷ ಬಟ್ಟೆ ಮಡಿಚಿ ಇಟ್ಟುಕೊಂಡೇ ಓಡಾಡಿದಳು." ಆ ಮಾತನ್ನು ಹೇಳುವಾಗ ಮನೆಯಲ್ಲಿ ನಾವಿಬ್ಬರಲ್ಲದೆ ಮತ್ತಾರೂ ಇರಲಿಲ್ಲ, ಆದರೂ ಅಮ್ಮ ಬಾಗಿಲ ಕಡೆ ನೋಡಿದರು.

ಹಾಗೆಂದು ಬಾಣಂತಿಯನ್ನು ನಮ್ಮವರು ಅಲಕ್ಷಿಸಿದರೆನ್ನುವಂತಿಲ್ಲ. ಎಣ್ಣೆಯ ಅಭ್ಯಂಜನ, ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಅಂಟಿನ ಉಂಡೆ, ಇವೆಲ್ಲದರ ಜೊತೆಗೆ ಹಳೆಯ ಹತ್ತಿ ಸೀರೆಯಿಂದ ಹೊಟ್ಟೆಯನ್ನು ಬಿಗಿಯಾಗಿ ಕಟ್ಟುವುದು. ಈ ಕಟ್ಟಿನ ಪ್ರಾಚೀನತೆ ನನ್ನನ್ನು ಬೆರಗುಗೊಳಿಸಿತು. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿಯೇ, ಬಾಣಂತಿಯ ಹೊಟ್ಟೆಗೆ ಸ್ನೇಹವನ್ನು ಸವರಿ ದೊಡ್ಡ ಬಟ್ಟೆಯಿಂದ ಸುತ್ತಬೇಕೆಂಬ ವಿಧಿಯಿದೆ. ಬರಿದಾದ ಉದರದಲ್ಲಿ ವಾಯುವಿಗೆ ಎಡೆ ದೊರೆಯಬಾರದೆಂಬುದು ಅಲ್ಲಿ ಕೊಟ್ಟಿರುವ ಕಾರಣ. ಅದೇ ಗ್ರಂಥದ ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯದಲ್ಲಿ ೨೦ ಬಗೆಯ ಯೋನಿವ್ಯಾಪತ್ತುಗಳನ್ನು ಹೆಸರಿಸಿ ಔಷಧವನ್ನೂ ಹೇಳಲಾಗಿದೆ. ಅಂದರೆ ರೋಗವನ್ನು ಅವರು ಬಲ್ಲವರಾಗಿದ್ದರು, ನಾಚದೆ ಬರೆದೂ ಇದ್ದರು. ನಾಚಿಕೆ ನಡುವೆ ಎಲ್ಲಿಯೋ ಬಂದು ಸೇರಿಕೊಂಡದ್ದು. ಆದರೂ ಒಂದು ಮಾತನ್ನು ಹೇಳಲೇಬೇಕು. ಕಟ್ಟು ಬಿದ್ದದ್ದು ಹೊಟ್ಟೆಗೆ. ಬಟ್ಟೆ ಎಷ್ಟೇ ಬಿಗಿಯಾಗಿದ್ದರೂ ಅದು ಒಳಗಿನ ಸ್ನಾಯುವಿಗೆ ಕೆಲಸ ಕೊಡುವುದಿಲ್ಲ. ಕೆಲಸವಿಲ್ಲದೆ ಸ್ನಾಯುವಿಗೆ ಬಲ ಬರುವುದಿಲ್ಲ.

ಪಾಶ್ಚಾತ್ಯರ ಹಳೆಯ ವೈದ್ಯವೂ ಇದಕ್ಕಿಂತ ಮುಂದಿರಲಿಲ್ಲ. ಜಾರಿದ ಗರ್ಭಕೋಶವನ್ನು ತಡೆಯಲು ದ್ರಾಕ್ಷಾರಸದಲ್ಲಿ ಅದ್ದಿದ ಅರ್ಧ ದಾಳಿಂಬೆಯನ್ನು ಒಳಗಿಡುವ ಉಪಾಯ ಪ್ರಾಚೀನ ಗ್ರೀಕರಲ್ಲಿತ್ತು. ರೋಗಿಯನ್ನು ಏಣಿಗೆ ಕಟ್ಟಿ ತಲೆಕೆಳಗಾಗಿ ಅಲುಗಿಸುವ ಕ್ರಮವೂ ಇತ್ತಂತೆ! ಸ್ನಾಯುವನ್ನೇ ಪಳಗಿಸಬಹುದೆಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್ನಿನ ಟೂರೆ ಬ್ರಾಂಟ್ ಎಂಬ ಸೈನ್ಯಾಧಿಕಾರಿಯಲ್ಲಿ ಕಾಣಿಸುತ್ತದೆ. ಆತ ವೈದ್ಯನಲ್ಲ, ಅಂಗಸಾಧನೆಯ ಪರಿಣತ. ಅಂಗಮರ್ದನ ಮತ್ತು ವ್ಯಾಯಾಮಗಳಿಂದ ಗರ್ಭಕೋಶದ ಜಾರುವಿಕೆಗೆ ಚಿಕಿತ್ಸೆ ನೀಡಿ ಹೆಸರು ಪಡೆದ.

ನನಗೆ ಬಹಳ ಪ್ರಿಯವಾದ ಅಧ್ಯಾಯ ಇನ್ನು ಮುಂದಿನದು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನ್ನಿ ರ‍್ಯಾಂಡೆಲ್ ಎಂಬ ದಾದಿ ಇದ್ದರು. ಆಗಿನ ಕ್ರಮದಂತೆ ಹೆತ್ತವಳು ವಾರಗಟ್ಟಲೆ ಹಾಸಿಗೆ ಬಿಟ್ಟೇಳಬಾರದು. ೧೯೧೨ರಲ್ಲಿ ಅಲ್ಲಿನ ಪ್ರಸೂತಿತಜ್ಞ ಫೇರ್‌ಬೈರ್ನ್ ಅವರು ಬಾಣಂತಿಯರಿಗಾಗಿ ಹಾಸಿಗೆಯಲ್ಲಿಯೇ ಮಾಡಬಹುದಾದ ವ್ಯಾಯಾಮಗಳನ್ನು ರೂಪಿಸಲು ಈಕೆಯನ್ನು ಕೇಳಿಕೊಂಡರು. ರ‍್ಯಾಂಡೆಲ್ ಆ ಕೆಲಸವನ್ನು ದಶಕಗಳ ಕಾಲ ಬೆಳೆಸಿದರು; ಅಲ್ಲಿನ ಫಿಜಿಯೋಥೆರಪಿ ಶಾಲೆಯ ಮುಖ್ಯಸ್ಥೆಯೂ ಆದರು. ಅವರೊಡನೆ ಸೇರಿಕೊಂಡವರು ಮಾರ್ಗರೆಟ್ ಮಾರಿಸ್. ಈಕೆ ನರ್ತಕಿ! ಸ್ವಂತ ನೃತ್ಯಶಾಲೆ ನಡೆಸಿ ಹೆಸರಾಗಿದ್ದವರು ಮೂವತ್ತರ ನಡುವಯಸ್ಸನ್ನು ದಾಟಿದ ಮೇಲೆ ಅದೇ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಕಲಿತು ೧೯೩೦ರಲ್ಲಿ ಪರೀಕ್ಷೆ ಪಾಸು ಮಾಡಿದರು. ಉಸಿರಿನ ಲಯ, ಒಂದು ಸ್ನಾಯುವನ್ನು ಬಿಗಿದು ಇನ್ನೊಂದನ್ನು ಸಡಿಲಬಿಡುವ ಹಿಡಿತ, ಇವು ನರ್ತಕಿಗೆ ಯಾರೂ ಹೇಳಿಕೊಡಬೇಕಾದವಲ್ಲ. ೧೯೩೬ರಲ್ಲಿ ಇಬ್ಬರೂ ಸೇರಿ ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮಗಳ ಬಗ್ಗೆ ಪುಸ್ತಕ ಹೊರತಂದರು. ಶ್ರೋಣಿತಳವನ್ನು ಬಿಗಿದು ಸಡಿಲಿಸುವ ಅಭ್ಯಾಸವನ್ನು ಬ್ರಿಟನ್ನಿನ ಫಿಜಿಯೋಥೆರಪಿಯಲ್ಲಿ ಬೇರೂರಿಸಿದ ಕೀರ್ತಿ ಮಾರಿಸ್ ಅವರಿಗೆ ಸಲ್ಲುತ್ತದೆ. ಒಬ್ಬಾಕೆ ದಾದಿ, ಒಬ್ಬಾಕೆ ನೃತ್ಯಶಿಕ್ಷಕಿ. ಇಬ್ಬರೂ ಪಕ್ಕದಲ್ಲಿ ಕುಳಿತು ತೋರಿಸಿ, ಮಾಡಿಸಿ, ತಿದ್ದಿ ಕಲಿಸಿದವರು.

ಆದರೆ ಇಂದು ಜಗತ್ತು ಈ ವ್ಯಾಯಾಮವನ್ನು ಕರೆಯುವುದು ಬೇರೊಬ್ಬರ ಹೆಸರಿನಿಂದ. ಲಾಸ್ ಏಂಜಲಿಸ್‌ನಲ್ಲಿ ಆರ್ನಲ್ಡ್ ಕೀಗಲ್ ಎಂಬ ಸ್ತ್ರೀರೋಗತಜ್ಞರಿದ್ದರು, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ತೊಡೆಗಳಿಗೆ ದಿನದಿನಕ್ಕೂ ಭಾರವನ್ನು ಹೆಚ್ಚಿಸುತ್ತ ಬಲ ತುಂಬುವ ಪದ್ಧತಿಯನ್ನು ಥಾಮಸ್ ಡಿಲಾರ್ಮ್ ಎಂಬ ಸೇನಾವೈದ್ಯ ೧೯೪೫ರಲ್ಲಿ ಪ್ರಕಟಿಸಿದ್ದ. ಅದೇ ತತ್ತ್ವವನ್ನು ಕೀಗಲ್ ಬಾಣಂತಿಯ ಸ್ನಾಯುವಿಗೆ ಅನ್ವಯಿಸಿ ೧೯೪೮ರಲ್ಲಿ ಪ್ರಬಂಧ ಬರೆದರು. ಕಾಣದ ಸ್ನಾಯು ದುಡಿಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೊಂದು ಸಾಧನ ಮಾಡಿದರು. ಒಳಗೆ ಇಡುವ ಗಾಳಿ ತುಂಬಿದ ರಬ್ಬರ್ ಚೀಲ, ಅದಕ್ಕೊಂದು ನಳಿಗೆ, ತುದಿಯಲ್ಲಿ ರಕ್ತದೊತ್ತಡದ ಯಂತ್ರಕ್ಕಿರುವಂತಹ ಮುಳ್ಳು. ಹೆಸರು ಪೆರಿನಿಯೋಮೀಟರ್. ಸ್ನಾಯುವನ್ನು ಬಿಗಿದರೆ ಮುಳ್ಳು ಮೇಲೇರುತ್ತದೆ. ಹೊಟ್ಟೆಯನ್ನೋ ತೊಡೆಯನ್ನೋ ಬಿಗಿದು ಆಯಿತೆಂದುಕೊಂಡವಳಿಗೆ ತಪ್ಪಿದೆಯೆಂದು ಗೊತ್ತಾಗುತ್ತದೆ. ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ೨೦ ನಿಮಿಷ, ಇದು ಕೀಗಲ್ ವಿಧಿಸಿದ ಅಭ್ಯಾಸ. ಬಹುತೇಕ ರೋಗಿಗಳಿಗೆ ಗುಣ ಕಂಡಿತೆಂದು ಅವರು ಬರೆದರು. ಹೋಲಿಕೆಗೆ ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪನ್ನು ಇಟ್ಟುಕೊಂಡಿರಲಿಲ್ಲವಾದ್ದರಿಂದ ಆ ಲೆಕ್ಕವನ್ನು ಇಂದಿನ ವಿಜ್ಞಾನ ಹಾಗೆಯೇ ಒಪ್ಪುವುದಿಲ್ಲ. ಆದರೆ ಅವರ ಮೂಲ ಕಾಣ್ಕೆ ಗಟ್ಟಿಯಾದದ್ದು. ಸ್ನಾಯು ಎಲ್ಲಿದೆಯೆಂಬುದು ಮೊದಲು ಆ ಹೆಂಗಸಿಗೇ ತಿಳಿಯಬೇಕು. ತಿಳಿದಿದೆಯೇ ಎಂದು ಕಲಿಸುವವರು ಪರೀಕ್ಷಿಸಬೇಕು.

ಮುಂದಿನ ಕಥೆ ನಮ್ಮ ಅನೇಕ ಪಾಠಗಳ ಕಥೆಯಂತೆಯೇ ಆಯಿತು. ಕೀಗಲ್ ಹೆಸರು ಉಳಿಯಿತು, ಮುಳ್ಳಿನ ಯಂತ್ರ ಹಿಂದೆ ಸರಿಯಿತು, ಪಕ್ಕದಲ್ಲಿ ಕುಳಿತು ಕಲಿಸುವವರೂ ವಿರಳವಾದರು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ, "ಮೂತ್ರ ತಡೆಯುವಂತೆ ಬಿಗಿಯಿರಿ" ಎಂಬಂತಹ ಒಂದು ಸಾಲಾಗಿ ಇಡೀ ವಿದ್ಯೆ ಕುಗ್ಗಿಹೋಯಿತು. ಇದರ ಫಲವನ್ನು ೧೯೯೧ರಲ್ಲಿ ಅಮೆರಿಕದ ರಿಚರ್ಡ್ ಬಂಪ್ ಮತ್ತು ಸಂಗಡಿಗರು ಅಳೆದು ನೋಡಿದರು. ೪೭ ಮಂದಿ ಮಹಿಳೆಯರಿಗೆ ಬರಿಯ ಬಾಯಿಮಾತಿನಲ್ಲಿ ಹೇಳಿಕೊಟ್ಟು ಮಾಡಿಸಿದಾಗ ಸರಿಯಾಗಿ ಮಾಡಿದವರು ಅರ್ಧದಷ್ಟು. ಕಾಲುಭಾಗದವರು ಮಾಡಿದ ರೀತಿಯಂತೂ ತೊಂದರೆಯನ್ನು ಹೆಚ್ಚಿಸಬಹುದಾದಂಥದ್ದು. ಮೇಲಕ್ಕೆ ಸೆಳೆಯಬೇಕಾದಲ್ಲಿ ಕೆಳಕ್ಕೆ ಮುಕ್ಕುತ್ತಿದ್ದರು. ಗಣಿತದ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು "ತಿಳಿಯಿತೇ?" ಎಂದರೆ ಇಡೀ ತರಗತಿ "ತಿಳಿಯಿತು ಟೀಚರ್" ಎನ್ನುವುದು ನೆನಪಿದೆಯಲ್ಲವೇ!

ನಾರ್ವೆಯ ಫಿಜಿಯೋಥೆರಪಿಸ್ಟ್ ಕಾರಿ ಬೋ ಈ ವಿದ್ಯೆಯನ್ನು ಮತ್ತೆ ತರಗತಿಗೆ ತಂದವರಲ್ಲಿ ಪ್ರಮುಖರು. ೧೯೯೯ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಅಧ್ಯಯನದಲ್ಲಿ ಕೆಮ್ಮಿದಾಗ ಸೀನಿದಾಗ ಮೂತ್ರ ಸೋರುವ ತೊಂದರೆಯಿದ್ದ ೧೦೭ ಮಂದಿ ಇದ್ದರು. ಆರು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದವರು, ವಿದ್ಯುತ್ ಪ್ರಚೋದನೆ ಪಡೆದವರಿಗಿಂತಲೂ ಯೋನಿಯಲ್ಲಿ ಇಡುವ ತೂಕದ ಶಂಕುಗಳನ್ನು ಬಳಸಿದವರಿಗಿಂತಲೂ ಚಿಕಿತ್ಸೆಯಿಲ್ಲದವರಿಗಿಂತಲೂ ಹೆಚ್ಚು ಸುಧಾರಿಸಿದರು. ಬ್ರಿಟನ್ನಿನ ನೈಸ್ ಸಂಸ್ಥೆ ೨೦೦೬ರ ಮಾರ್ಗಸೂಚಿಯಲ್ಲಿ ಇಂತಹ ತೊಂದರೆಗೆ ಮೊದಲ ಚಿಕಿತ್ಸೆಯಾಗಿ ಕನಿಷ್ಠ ಮೂರು ತಿಂಗಳ ವ್ಯಾಯಾಮವನ್ನು, ಕಲಿಸುವವರ ಮೇಲ್ವಿಚಾರಣೆಯಲ್ಲಿ ಮಾಡುವಂತೆ ಹೇಳಿತು. ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ ಎಂಟು ಬಾರಿ ಬಿಗಿಯುವುದು. ಕೀಗಲ್ಲರ ಒಂದು ಗಂಟೆಯ ತಪಸ್ಸಿಗೆ ಹೋಲಿಸಿದರೆ ಎಷ್ಟು ಹಗುರ!

ಶಸ್ತ್ರಚಿಕಿತ್ಸೆ ಬೇಡವೆಂದು ನನ್ನ ಮಾತಲ್ಲ. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು ಮುಂಬಯಿಯಲ್ಲಿ ಜಗದ್ವಿಖ್ಯಾತರಾದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಅವರ ಹೆಸರಿನಲ್ಲಿ, ಜಾರಿದ ಗರ್ಭಕೋಶವನ್ನು ತೆಗೆಯದೆ ಎತ್ತಿ ಕಟ್ಟುವ ಶಸ್ತ್ರಕ್ರಿಯೆಯೇ ಇದೆ. ಆದರೆ ಪ್ಲಾಸ್ಟಿಕ್ ಜಾಲರಿಯನ್ನು ಯೋನಿಯ ಮೂಲಕ ಹೊಲಿದು ಕೂರಿಸುವ ಇತ್ತೀಚಿನ ವಿಧಾನದಿಂದ ನೋವು ಅನುಭವಿಸಿದ ಮಹಿಳೆಯರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ, ಜಾರುವಿಕೆಗಾಗಿ ಅಂತಹ ಜಾಲರಿಗಳ ಮಾರಾಟವನ್ನು ಅಮೆರಿಕ ೨೦೧೯ರಲ್ಲಿ ನಿಲ್ಲಿಸಿತು. ಬ್ರಿಟನ್ನಿನಲ್ಲಿ ೨೦೨೦ರ ಕಂಬರ್ಲೆಜ್ ವರದಿಯು ಈ ಮಹಿಳೆಯರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂಬುದನ್ನು ದಾಖಲಿಸಿತು. ದನಿ ತಗ್ಗಿಸಿ ಹೇಳಿದರೂ ಕೇಳುವವರಿಲ್ಲ, ಎತ್ತರಿಸಿ ಹೇಳಿದರೂ ಕೇಳುವವರಿಲ್ಲ.

ಫ್ರಾನ್ಸ್ ಮಾತ್ರ ೧೯೮೦ರ ದಶಕದಲ್ಲಿಯೇ ಬೇರೆ ದಾರಿ ಹಿಡಿಯಿತು. ಅಲ್ಲಿ ಹೆತ್ತವಳಿಗೆ ಸೂಲಗಿತ್ತಿ ತರಬೇತಿ ಪಡೆದವರಿಂದಲೋ ಫಿಜಿಯೋಥೆರಪಿಸ್ಟರಿಂದಲೋ ಶ್ರೋಣಿತಳದ ಪಾಠ ಸಾಮಾನ್ಯವಾಗಿ ಹತ್ತು ಬಾರಿ ನಡೆಯುತ್ತದೆ, ವೆಚ್ಚವನ್ನು ಸಾಮಾಜಿಕ ವಿಮೆ ಭರಿಸುತ್ತದೆ. ನಮ್ಮ ನೆರೆಯ ನೇಪಾಳದಲ್ಲಿ ಹೆತ್ತ ಕೆಲವೇ ದಿನಗಳಲ್ಲಿ ಭಾರ ಹೊರುವ ಹೆಂಗಸರ ಗರ್ಭಕೋಶ ಜಾರುವುದು ಎಷ್ಟು ವ್ಯಾಪಕವಾಗಿತ್ತೆಂದರೆ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೇ ಹೋಯಿತು; ಇದು ಹೆಣ್ಣಿನ ಆರೋಗ್ಯದ ಹಕ್ಕಿನ ಪ್ರಶ್ನೆಯೆಂದು ೨೦೦೮ರಲ್ಲಿ ತೀರ್ಪು ಬಂದಿತು. ನಮ್ಮ ದೇಶದ ೧೯೬೧ರ ಕಾನೂನು ಹೆರಿಗೆಗೆ ಕೊಟ್ಟ ೧೨ ವಾರಗಳ ರಜೆಯು ೨೦೧೭ರಲ್ಲಿ ೨೬ ವಾರಗಳಾದದ್ದು ಒಳ್ಳೆಯದೇ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಅದು ಯಾವ ಲೆಕ್ಕ? ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಕೆಲಸ ಮಾಡಿದ ಶಾಲೆಯೊಂದರಲ್ಲಿ ಶಿಕ್ಷಕಿಯರಿಗೆ ಶೌಚಾಲಯವೇ ಇರಲಿಲ್ಲ. ಬಾಣಂತನ ಮುಗಿಸಿ ಬಂದವರು ಬೆಳಗಿನಿಂದ ಸಂಜೆಯವರೆಗೆ ಒಂದು ಲೋಟ ನೀರನ್ನೂ ಕುಡಿಯದೆ ಪಾಠ ಮಾಡುತ್ತಿದ್ದರು.

ನಿಮ್ಮಲ್ಲಿ ಈಗ ತಾಯಂದಿರಾದವರಿಗೂ, ಸೊಸೆಯ ಬಾಣಂತನಕ್ಕೆ ಸಜ್ಜಾಗುತ್ತಿರುವವರಿಗೂ ನಮ್ಮ ಫಿಜಿಯೋಥೆರಪಿ ಹುಡುಗಿ ಹೇಳುವ ಎರಡು ಮಾತುಗಳನ್ನು ಇಲ್ಲಿಯೇ ಸೇರಿಸುತ್ತೇನೆ. ಮೂತ್ರ ಮಾಡುವಾಗ ನಡುವೆ ತಡೆದು ನಿಲ್ಲಿಸುವುದನ್ನೇ ವ್ಯಾಯಾಮವಾಗಿ ರೂಢಿ ಮಾಡಿಕೊಳ್ಳಬಾರದು. ಬಿಗಿಯುವಾಗ ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳು ಸುಮ್ಮನಿರಬೇಕು, ಬಿಗಿದಷ್ಟೇ ಚೆನ್ನಾಗಿ ಸಡಿಲಿಸಲೂ ಬೇಕು. ಹೊಲಿಗೆ ಬಿದ್ದವರು, ಏನಾದರೂ ಜಾರಿದಂತೆ ಅನ್ನಿಸುವವರು ವೈದ್ಯರಿಗೆ ತೋರಿಸಿಯೇ ಮುಂದುವರಿಯಬೇಕು.

೨೦೨೧ರ ಡಿಸೆಂಬರಿನಲ್ಲಿ ನೈಸ್ ಸಂಸ್ಥೆ ಇನ್ನೊಂದು ಮಾರ್ಗಸೂಚಿಯನ್ನು ಹೊರಡಿಸಿತು. ೧೨ರಿಂದ ೧೭ ವರ್ಷದ ಹುಡುಗಿಯರಿಗೆ ಶಾಲೆಯಲ್ಲಿಯೇ ಶ್ರೋಣಿತಳದ ರಚನೆಯನ್ನೂ ವ್ಯಾಯಾಮವನ್ನೂ ಕಲಿಸಬೇಕೆಂದು ಅದರಲ್ಲಿದೆ. ನಮ್ಮಲ್ಲಿ ಪ್ರಜನನದ ಪಾಠ ಬಂದಾಗ ಜೀವಶಾಸ್ತ್ರದ ಮೇಷ್ಟ್ರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುವುತ್ತಿದ್ದುದನ್ನು ಈ ಸುದ್ದಿ ಹೇಳಿದಾಗ ನನ್ನ ಫಿಜಿಯೋಥೆರಪಿ ಹುಡುಗಿ ನೆನಪಿಸಿ ನಕ್ಕಳು. ತಿಂಗಳಿಗೊಮ್ಮೆ ಆಕೆ ತನ್ನ ಊರಿನ ಬಸುರಿಯರನ್ನು ಕೂಡಿಸಿ, ಅವರ ಜೊತೆ ಬಂದ ಅತ್ತೆಯರನ್ನೂ ಒಳಗೆ ಕರೆದು, ಹಳೆಯ ಸೀರೆಯ ಜೋಲಿಯೊಂದನ್ನು ನಾಲ್ಕು ಮಂದಿಯ ಕೈಗೆ ಕೊಟ್ಟು ಹಿಡಿಸುತ್ತಾಳೆ. ಅದರೊಳಗೆ ಮೂರು ತೆಂಗಿನಕಾಯಿ ಇಡುತ್ತಾಳೆ. ನಾಲ್ವರಲ್ಲಿ ಒಬ್ಬರು ಕೈ ಸಡಿಲಿಸಿದರೆ ಕಾಯಿಗಳು ಯಾವ ಕಡೆಗೆ ಉರುಳುತ್ತವೆಂದು ಎಲ್ಲರೂ ನೋಡುತ್ತಾರೆ. ಕಳೆದ ಬಾರಿ ಆ ಪಾಠ ಮುಗಿದ ಮೇಲೆ, ಸೊಸೆಯನ್ನು ಹೊರಗೆ ಕಳುಹಿಸಿ ತಾವು ಹಿಂದೆ ಉಳಿದ ಅತ್ತೆಯರು ಮೂವರಂತೆ.