ಮೊರದಗಲ ಕಿವಿ

ನಮ್ಮಜ್ಜಿಯ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಏಳು ಕಲ್ಲಿನ ಬೆಂಡೋಲೆಯನ್ನು ನಲವತ್ತು ವರ್ಷ ಹೊತ್ತ ಕಿವಿ ಅದು. ಅಜ್ಜಿಗೆ ಅದರಿಂದ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ನನ್ನ ಮಗಳ ಕಿವಿಗಳಿಗೆ ಊನವೇ ಇಲ್ಲ, ತಲೆಯಿಂದ ತುಸು ಹೊರಗೆ ಚಾಚಿಕೊಂಡಿವೆ, ಅಷ್ಟೆ. ಆದರೆ ಅವಳು ಆರನೆಯ ತರಗತಿಗೆ ಬಂದಮೇಲೆ ಜಡೆಯನ್ನು ಕಿವಿಯ ಮೇಲೆ ಇಳಿಸಿಯೇ ಹೆಣೆಯಬೇಕೆಂದು ಹಟ ಹಿಡಿದಳು. ಶಾಲೆಯಲ್ಲಿ ಅವಳನ್ನು ‘ಮೊರ’ ಎನ್ನುತ್ತಾರಂತೆ. ಮುದ್ದಿಗೆಂದು ಮನೆಯಲ್ಲಿ ಮೊದಲು ಹಾಗೆ ಕರೆದವಳು ನಾನೇ. ನೆರೆಮನೆಯ ಮಕ್ಕಳ ಬಾಯಲ್ಲಿ ಅದು ಶಾಲೆ ಸೇರಿತು.

“ಆಪರೇಷನ್ ಮಾಡಿದರೆ ಸರಿಹೋಗುತ್ತೆ” ಎಂದರು ವೈದ್ಯರು. ಚೆನ್ನಾಗಿ ಕೇಳಿಸುವ ಕಿವಿಗೆ ಕತ್ತಿಯೇ? ಎದೆ ಧಸಕ್ಕೆಂದಿತು. ಆಮೇಲೆ ಸಿಕ್ಕಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ.

ಕಿವಿ ಹೊಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಮಗುವಿಗೆ ಆರನೆಯ ಇಲ್ಲವೇ ಏಳನೆಯ ತಿಂಗಳಲ್ಲಿ, ಗಂಡಾದರೆ ಬಲಗಿವಿ, ಹೆಣ್ಣಾದರೆ ಎಡಗಿವಿ ಮೊದಲು ಚುಚ್ಚಬೇಕೆನ್ನುವ ಸುಶ್ರುತ ಸಂಹಿತೆಯೇ ಹರಿದ ಹಾಲೆಯನ್ನು ಕೂಡಿಸಲು 15 ಬಗೆಗಳನ್ನು ಹೇಳುತ್ತದೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಚರ್ಮವನ್ನು ಎಬ್ಬಿಸಿ ಕೂಡಿಸುವ ಉಪಾಯವೂ ಉಂಟು. ನಮ್ಮಜ್ಜಿ ಆಗ ಹುಟ್ಟಿದ್ದರೆ ಹದಿನಾರನೆಯದು ಬೇಕಾಗುತ್ತಿತ್ತೇನೋ!

ಆದರೆ ಚಾಚಿದ ಕಿವಿಯನ್ನು ಬರೀ ಅಂದಕ್ಕೆಂದು ತಗ್ಗಿಸಿದ ಮೊದಲ ಪ್ರಸಂಗವೆಂದು ವೈದ್ಯರು ಎಣಿಸುವುದು 1881ರಲ್ಲಿ ಪ್ರಕಟವಾದದ್ದನ್ನು. ನ್ಯೂಯಾರ್ಕಿನ ಎಡ್ವರ್ಡ್ ಎಲೈ ಎಂಬ ವೈದ್ಯ ಕಿವಿಯ ಹಿಂದಿನ ಚರ್ಮವನ್ನೂ ಮೃದು ಎಲುಬನ್ನೂ ಕೊಂಚ ಕತ್ತರಿಸಿ ಹೊಲಿದ. ರೋಗಿಯೆನ್ನಬೇಕೆ ಅವನನ್ನು? ಹನ್ನೆರಡು ವರ್ಷದ ಹುಡುಗ. ಓರಗೆಯವರು ಆಡಿಕೊಳ್ಳುತ್ತಿದ್ದರು, ಅದೇ ಅವನ ಕಾಯಿಲೆ. ಇದನ್ನೋದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1910ರಲ್ಲಿ ಲಕೆಟ್ ಎಂಬಾತ ಮೂಲ ಕಾರಣ ಹಿಡಿದ. ಕಿವಿಯೊಳಗೆ, ಅಂಚಿಗೆ ಸಮನಾಗಿ ಇನ್ನೊಂದು ಮಡಿಕೆ ಇರುತ್ತದಲ್ಲ, ಅದು ಸರಿಯಾಗಿ ಮೂಡದಿದ್ದರೆ ಕಿವಿ ಬಿಚ್ಚಿಕೊಂಡು ನಿಲ್ಲುತ್ತದೆ. 1963ರಲ್ಲಿ ಸ್ಕಾಟ್ಲೆಂಡಿನ ಮುಸ್ಟಾರ್ಡೆ ಆ ಮಡಿಕೆಯನ್ನು ಹಿಂದಿನಿಂದ ಬರೀ ಹೊಲಿಗೆ ಎಳೆದೇ ಮೂಡಿಸುವ ಕ್ರಮವನ್ನು ಪ್ರಕಟಿಸಿದ. ನಾವು ಲಂಗಕ್ಕೆ ನೆರಿಗೆ ಹಿಡಿಯುವುದಿಲ್ಲವೇ, ಹಾಗೆ.

ಇವಳು ಹುಟ್ಟಿದಾಗ ನಮ್ಮಮ್ಮ ಎರೆಯುವಾಗಲೆಲ್ಲ ಕಿವಿ ಒತ್ತಿ, ಕುಲಾವಿ ಬಿಗಿದು ಮಲಗಿಸುತ್ತಿದ್ದರು. ನಾನು ನಗುತ್ತಿದ್ದೆ. ಪೂರ್ತಿ ನಗುವಂಥದ್ದೇನಲ್ಲವಂತೆ! ತಾಯಿಯಿಂದ ಬಂದ ಹಾರ್ಮೋನಿನ ಬಲದಿಂದ ಹಸುಗೂಸಿನ ಕಿವಿ ಮೊದಲ ಕೆಲವು ವಾರ ಬಲು ಮೆದು. ಈಗ ಆಗಲೇ ಅಚ್ಚು ಕಟ್ಟಿ ತಿದ್ದುತ್ತಾರೆ. ಹಗಲೂ ರಾತ್ರಿ ವಾರಗಟ್ಟಲೆ ಇರಬೇಕು, ಕುಲಾವಿ ಸಾಲದು. ಇದನ್ನು ಹೇಳಿದಾಗ ಅಮ್ಮ “ನಾನು ಹೇಳಿದ್ರೆ ಕೇಳ್ತಿದ್ಯಾ ನೀನು?” ಎಂದರು.

ಆಪರೇಷನ್ ಬೇಕೋ ಬೇಡವೋ, ಅವಳನ್ನೇ ಕೇಳಿದೆವು. ‘ಮೊರ’ ಎಂದು ಮೊದಲು ಕರೆದವಳು ನಾನೆಂದೂ ಹೇಳಿಬಿಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ರಜೆ ಬರಲಿ, ಆಗ ಹೇಳ್ತೀನಿ” ಎಂದಳು.

ನಿನ್ನೆ ತಲೆ ಬಾಚುವಾಗ ಎಂದಿನಂತೆ ಕೂದಲನ್ನು ಕಿವಿಯ ಮೇಲೆ ಇಳಿಸಹೋದೆ. “ಬೇಡಮ್ಮ, ಸೆಕೆ” ಎಂದು ಕೈ ತಳ್ಳಿದಳು.