ನೆಲದೊಳಗಿನ ಸದ್ದು (ಭಾಗ 3): ಏರಿ ಒಳಗೆ ಏನಾಗ್ತಿದೆ?

ಫೋಟೋದಲ್ಲಿರೋದು ಮಾಗಡಿ ಹತ್ರ ಇರೋ ನಮ್ಮೂರ ಕೆರೆ ಏರಿ. ನಮ್ಮ ತಾತ ಇಲ್ಲಿ ನೀರಗಂಟಿ ಆಗಿದ್ರು. ಜೋರು ಮಳೆ ಬಿದ್ದ ರಾತ್ರಿ ಲಾಟೀನು ಹಿಡ್ಕೊಂಡು ಏರಿಯ ಹಿಂಬದಿ ಉದ್ದಕ್ಕೂ ನಡೀತಿದ್ರಂತೆ. ಜಿನುಗೋ ನೀರು ತಿಳಿಯಾಗಿದ್ರೆ ಮನೆಗೆ ಬಂದು ಮಲಗೋರು. ಕೆಂಪಾಗಿದ್ರೆ ಊರನ್ನೇ ಎಬ್ಬಿಸೋರು.

ಕೆಂಪು ನೀರು ಅಂದ್ರೆ ಏರಿಯ ಮಣ್ಣೇ ಒಳಗಿಂದ ಕೊಚ್ಚಿ ಹೋಗ್ತಿದೆ ಅಂತ ಅರ್ಥ. ಒಂದು ಏಡಿ ಬಿಲ, ಒಂದು ಕೊಳೆತ ಬೇರು ಸಾಕು. ನೀರು ಅದೇ ದಾರೀಲಿ ಮಣ್ಣು ಹೊತ್ತುಕೊಂಡು ಕೊಳವೆ ಥರ ಕೊರೀತಾ ಹೋಗುತ್ತೆ. ಮೇಲೆ ಹುಲ್ಲು ಹಸಿರಾಗೇ ಇರುತ್ತೆ! ಅಮೆರಿಕದ ಟೀಟನ್ ಅಣೆಕಟ್ಟು ಹೋಗಿದ್ದು ಹೀಗೇ. 1976ರ ಜೂನ್ 5ರ ಬೆಳಿಗ್ಗೆ ಕೆಸರು ನೀರು ಕಾಣಿಸಿತು, ಮಧ್ಯಾಹ್ನ ಹನ್ನೆರಡರೊಳಗೆ ಮಣ್ಣಿನ ಕಟ್ಟೆಯೇ ಒಡೆಯಿತು. 11 ಜನ ಸತ್ತರು.

ಕಣ್ಣಿಗೆ ಕಾಣೋದು ತಡ. ಕಿವಿಗೆ?

ನೆಲಕ್ಕೆ ಕಿವಿ ಕೊಡೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೋಲಾರದ ಕೆಜಿಎಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ (ಸಿನಿಮಾ ಅಲ್ಲ ಗುರು, ನಿಜವಾದ ಗಣಿ). ಅಲ್ಲಿ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಕಾರ್ಮಿಕರು ಸಾಯ್ತಿದ್ರು. ಅದಕ್ಕೆ ಜಿಯೋಫೋನ್ ಅನ್ನೋ, ನೆಲದ ಕಂಪನ ಹಿಡಿಯೋ ಸಾಧನಗಳನ್ನ ಇಟ್ಟರು. ಒಂದೇ ಸದ್ದು ಒಂದೊಂದು ಜಿಯೋಫೋನಿಗೆ ಒಂದೊಂದು ಕ್ಷಣಕ್ಕೆ ತಲುಪುತ್ತೆ. ಆ ವ್ಯತ್ಯಾಸ ಲೆಕ್ಕ ಹಾಕಿದ್ರೆ ಬಂಡೆ ಎಲ್ಲಿ ಬಿರುಕು ಬಿಡ್ತಿದೆ ಅಂತ ಗೊತ್ತಾಗುತ್ತೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಗಿದ್ದೂ ಕೆಜಿಎಫ್‌ನಲ್ಲೇ. ಗಣಿ 2001ರಲ್ಲಿ ಮುಚ್ಚಿತು.

ಮಣ್ಣಿನ ಕಥೆ ಇನ್ನೂ ಕಷ್ಟ. ಬಂಡೆ ಸದ್ದನ್ನ ದೂರ ಸಾಗಿಸುತ್ತೆ, ಮಣ್ಣು ಅಲ್ಲೇ ನುಂಗಿಬಿಡುತ್ತೆ. 1970ರ ದಶಕದಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೋರ್ನರ್ ಈ ಸದ್ದಿನ ಬೆನ್ನು ಹತ್ತಿದರು. ಉಪಾಯ ಸಿಂಪಲ್: ಏರಿಯೊಳಗೆ ಕಬ್ಬಿಣದ ಸರಳು ಇಳಿಸೋದು. ಮಣ್ಣಿನ ಕಣ ಕಣಕ್ಕೆ ಉಜ್ಜಿದಾಗ, ನೀರು ಸಂದೀಲಿ ನುಗ್ಗಿದಾಗ ಹುಟ್ಟೋ ಸಣ್ಣ ಸದ್ದು ಸರಳು ಹತ್ತಿ ಮೇಲೆ ಬರುತ್ತೆ. ಅದರಲ್ಲಿ ಬಹುಪಾಲು ಮನುಷ್ಯರ ಕಿವಿಗೆ ಕೇಳಲ್ಲ, ಸರಳಿನ ತುದೀಲಿರೋ ಸೆನ್ಸರ್‌ಗೆ ಕೇಳುತ್ತೆ. ಸದ್ದು ಹೆಚ್ಚಾಗ್ತಾ ಹೋದ್ರೆ ಒಳಗೆ ಏನೋ ಕೆಟ್ಟಿದೆ ಅಂತ ಲೆಕ್ಕ.

ನಮ್ಮೂರ ಏರಿಗೆ ಸೆನ್ಸರ್ ಇಲ್ಲ, ಸರಿ. ತಾತನ ನಂತರ ನೀರಗಂಟಿನೂ ಇಲ್ಲ. ಫೋಟೋ ತೆಗೆಯೋಕೆ ಹೋದಾಗ ಹಿಂಬದಿಗೆ ಇಳಿದು ನೋಡೋಣ ಅಂದ್ಕೊಂಡೆ. ಲಂಟಾನ ಎಷ್ಟು ಬೆಳೆದಿತ್ತು ಅಂದ್ರೆ ನೀರು ಕೆಂಪೋ ತಿಳಿಯೋ ನೋಡೋಕೇ ಆಗಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರದವರೇ, ನಿಮ್ಮೂರ ಏರಿ ಹಿಂದೆ ಈಗ ಯಾರು ನಡೀತಾರೆ? ಮನೇಲಿ ದೊಡ್ಡವರನ್ನ ಕೇಳಿ, ಕಾಮೆಂಟ್‌ನಲ್ಲಿ ಊರಿನ ಹೆಸರು ಹಾಕಿ.