ಮಠದ ಸಾಲ, ಕೋರ್ಟಿನ ಗೆರೆ

ಉಡುಪಿಯಲ್ಲಿ ಪರ್ಯಾಯವೆಂದರೆ ಎರಡು ವರ್ಷಕ್ಕೊಮ್ಮೆ ಬರುವ ಊರಹಬ್ಬ. ಅದಕ್ಕೆ ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಒಂದಾದ ಮೇಲೊಂದು ನಡೆಯುತ್ತವೆ. ಕೃಷ್ಣಮಠದ ಒಲೆಗೆ ಬೇಕಾದ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸಿಡುತ್ತಾರೆ. ಹೆಸರುಗಳೇ ಹೇಳುವಂತೆ ಇವೆಲ್ಲ ಊಟದ ಸಿದ್ಧತೆಗಳು. ಒಬ್ಬ ಯತಿಯಿಂದ ಇನ್ನೊಬ್ಬರಿಗೆ ಅಧಿಕಾರ ಹೋಗುವಾಗ ಕೈಬದಲಾಗುವ ವಸ್ತುಗಳು ಕೂಡ ಅಕ್ಷಯ ಪಾತ್ರೆ ಮತ್ತು ಸಟ್ಟುಗ. ಇಷ್ಟು ಜನರ ಊಟಕ್ಕೆ ಹಣ ಎಲ್ಲಿಂದ ಬರಬೇಕು, ಸಾಲದಿದ್ದರೆ ಸಾಲ ಮಾಡಬಹುದೆ, ಆ ಸಾಲದ ಲೆಕ್ಕ ಕೇಳುವ ಹಕ್ಕು ಸರ್ಕಾರಕ್ಕಿದೆಯೆ? ಸ್ವತಂತ್ರ ಭಾರತದಲ್ಲಿ ಧರ್ಮಕ್ಕೂ ಪ್ರಭುತ್ವಕ್ಕೂ ನಡುವಿನ ಗೆರೆ ಎಲ್ಲಿ ಎಂಬ ದೊಡ್ಡ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿದ್ದು ಈ ಅಡಿಗೆಮನೆಯ ಲೆಕ್ಕದಿಂದ.

ಧರ್ಮನಿರಪೇಕ್ಷತೆಯ ಮಾತು ಬಂದಾಗ ಯುರೋಪಿನ ಚರ್ಚು ಮತ್ತು ಅರಸರ ಜಗಳ ನೆನಪಾಗುತ್ತದೆ, ನೆಹರೂ ನೆನಪಾಗುತ್ತಾರೆ. ಶಿರೂರು ಮಠ ಯಾರಿಗೂ ನೆನಪಾಗುವುದಿಲ್ಲ. ಆದರೆ ಕಾನೂನು ಕಾಲೇಜಿನ ವಿದ್ಯಾರ್ಥಿಯನ್ನು ಕೇಳಿದರೆ ಅವನು ಮೊದಲು ಹೇಳುವ ಹೆಸರು ಅದೇ.

ಮಧ್ವಾಚಾರ್ಯರು ಸ್ಥಾಪಿಸಿದರೆಂದು ಪ್ರತೀತಿ ಇರುವ ಅಷ್ಟಮಠಗಳಲ್ಲಿ ಶಿರೂರು ಒಂದು. ಎಂಟು ಮಠಗಳು ಸರದಿಯಂತೆ ಎರಡೆರಡು ವರ್ಷ ಕೃಷ್ಣನ ಪೂಜೆ ನಡೆಸುವುದರಿಂದ ಒಂದೊಂದು ಮಠಕ್ಕೂ ಹದಿನಾರು ವರ್ಷಕ್ಕೊಮ್ಮೆ ಪರ್ಯಾಯ ಬರುತ್ತದೆ. ಲಕ್ಷ್ಮೀಂದ್ರ ತೀರ್ಥರು ಶಿರೂರಿನ ಪೀಠಕ್ಕೆ ಬಂದದ್ದು 1919ರಲ್ಲಿ, ಇನ್ನೂ ಬಾಲಕರಾಗಿದ್ದಾಗ. ಪ್ರಾಯಕ್ಕೆ ಬಂದು 1926ರಲ್ಲಿ ಆಡಳಿತ ವಹಿಸಿಕೊಂಡಾಗ ಮಠದ ಮೇಲೆ ಭಾರಿ ಸಾಲವಿತ್ತು. ಅದರಲ್ಲಿ ಬಹುಪಾಲನ್ನು ತೀರಿಸಿ ಉಸಿರು ಬಿಡುವಷ್ಟರಲ್ಲಿ ಪರ್ಯಾಯ ಬಂತು, ಮತ್ತೆ ಸಾಲವಾಯಿತು. ಎರಡನೆಯ ಸರದಿ ಬಂದದ್ದು 1946ರಲ್ಲಿ. ಯುದ್ಧ ಮುಗಿದಿತ್ತಷ್ಟೆ, ಅಕ್ಕಿ ಸಿಗುತ್ತಿರಲಿಲ್ಲ, ಸಿಕ್ಕರೆ ಬೆಲೆ ಕೈಗೆಟುಕುತ್ತಿರಲಿಲ್ಲ. ಬಂದವರಿಗೆ ಊಟ ಹಾಕದೆ ಪರ್ಯಾಯ ನಡೆಸುವಂತೆಯೂ ಇಲ್ಲ. ಸಾಲ ಸುಮಾರು 1 ಲಕ್ಷ ರೂಪಾಯಿಗೆ ಮುಟ್ಟಿತು.

ಉಡುಪಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ದೇವಸ್ಥಾನದ ಲೆಕ್ಕವನ್ನು ಸರ್ಕಾರ ನೋಡುವುದು ಅಲ್ಲಿ ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪೆನಿಯು 1817ರ ಕಾನೂನಿನ ಮೂಲಕ ದೇವಾಲಯಗಳ ದತ್ತಿಗಳನ್ನು ರೆವಿನ್ಯೂ ಬೋರ್ಡಿನ ಕೈಗೆ ಕೊಟ್ಟಿತ್ತು. ಕ್ರೈಸ್ತ ಸರ್ಕಾರ ‘ವಿಗ್ರಹಾರಾಧನೆ’ಗೆ ನೆರವಾಗುವುದೇ ಎಂದು ಮಿಷನರಿಗಳು ಗಲಾಟೆ ಮಾಡಿದ ಮೇಲೆ ಕಂಪೆನಿ ಹಿಂದೆ ಸರಿಯಿತು, 1863ರ ಕಾಯಿದೆಯಿಂದ ಆಡಳಿತ ಸ್ಥಳೀಯ ಸಮಿತಿಗಳಿಗೆ ಹೋಯಿತು. ಸಮಿತಿಗಳ ಕಾಲದಲ್ಲಿ ದೇವರ ಆಸ್ತಿ ಕರಗಿತೆಂಬ ದೂರು ಹೆಚ್ಚಿತು. 1920ರ ದಶಕದಲ್ಲಿ ಮದ್ರಾಸಿನಲ್ಲಿ ಅಧಿಕಾರಕ್ಕೆ ಬಂದ ಜಸ್ಟಿಸ್ ಪಕ್ಷ ಹಿಂದೂ ಧಾರ್ಮಿಕ ದತ್ತಿಗಳಿಗೆ ಒಂದು ಮಂಡಳಿಯನ್ನೇ ರಚಿಸಿತು. ಪ್ರಭುತ್ವ ಒಳಗೆ ಬಂದಾಗಲೂ ದೂರು, ಹೊರಗೆ ಹೋದಾಗಲೂ ದೂರು.

ಶಿರೂರು ಮಠದ ಸಾಲ ಕಂಡ ಮಂಡಳಿ 1927ರ ಕಾಯಿದೆಯ ಬಲದಿಂದ, ದಕ್ಷನಾದ ವ್ಯವಸ್ಥಾಪಕನೊಬ್ಬನನ್ನು ನೇಮಿಸಿಕೊಳ್ಳಿ ಎಂದು ಸ್ವಾಮೀಜಿಗೆ ಹೇಳಿತು. ಅದರಂತೆ 1948ರ ಡಿಸೆಂಬರ್‌ನಲ್ಲಿ ಒಬ್ಬರಿಗೆ ಅಧಿಕಾರಪತ್ರ ಬರೆದುಕೊಡಲಾಯಿತು. ಆಮೇಲಿನದು ಮಠಗಳ ಒಳಗು ಬಲ್ಲವರಿಗೆ ಪರಿಚಿತವಾದ ಕಥೆ. ವ್ಯವಸ್ಥಾಪಕರು ತಮ್ಮ ಮಾತು ಕೇಳುತ್ತಿಲ್ಲ, ಲೆಕ್ಕವನ್ನೂ ಒಪ್ಪಿಸುತ್ತಿಲ್ಲ ಎಂದು ಸ್ವಾಮೀಜಿಯ ದೂರು. 1950ರಲ್ಲಿ ಅವರು ಅಧಿಕಾರಪತ್ರ ರದ್ದು ಮಾಡಿದರೆ, ರದ್ದು ಮಾಡಲು ನಿಮಗೆ ಅಧಿಕಾರವೇ ಇಲ್ಲ ಎಂಬ ಉತ್ತರ ಬಂತು. ಮಂಡಳಿ ಮಠಕ್ಕೆ ಹೊಸ ಆಡಳಿತ ಯೋಜನೆ ಮಾಡುವ ವಿಚಾರಣೆಗೆ ತೊಡಗಿತು.

ಅಷ್ಟರಲ್ಲಿ ಸಂವಿಧಾನ ಜಾರಿಗೆ ಬಂದಿತ್ತು. 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಟ್ಟರೆ, 26ನೇ ವಿಧಿ ಪ್ರತಿಯೊಂದು ಪಂಥಕ್ಕೂ ‘ಧರ್ಮದ ವಿಷಯಗಳಲ್ಲಿ’ ತನ್ನ ವ್ಯವಹಾರ ತಾನೇ ನಡೆಸುವ ಹಕ್ಕು ಕೊಟ್ಟಿತು. ಹದಿಮೂರನೆಯ ಶತಮಾನದ ಪರಂಪರೆಯ ಯತಿಯೊಬ್ಬರು ಆಗತಾನೆ ಹುಟ್ಟಿದ ಈ ಮೂಲಭೂತ ಹಕ್ಕುಗಳನ್ನು ಹಿಡಿದು ಮದ್ರಾಸ್ ಹೈಕೋರ್ಟಿಗೆ ಹೋದರು. 1951ರಲ್ಲಿ ಸರ್ಕಾರ ಇನ್ನೂ ಬಿಗಿಯಾದ ಹೊಸ ಕಾಯಿದೆ ತಂದಾಗ ಜಗಳ ಅದರ ಮೇಲೂ ಹರಡಿತು. ಹೈಕೋರ್ಟು ಸ್ವಾಮೀಜಿಯ ಪರವಾಗಿ ತೀರ್ಪಿತ್ತಿತು, ಸರ್ಕಾರದ ಕಮಿಷನರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು. ಏಳು ನ್ಯಾಯಾಧೀಶರ ಪೀಠದ ತೀರ್ಪು 1954ರ ಮಾರ್ಚ್ 16ರಂದು ಬಂತು, ಬರೆದವರು ಬಿ.ಕೆ. ಮುಖರ್ಜಿ.

ಕೋರ್ಟು ಮೊದಲು ಬಿಡಿಸಬೇಕಾಗಿದ್ದ ಗಂಟು, ಧರ್ಮ ಎಂದರೇನು ಎಂಬುದು. ಬಹುಪತ್ನಿತ್ವದ ಕಾರಣಕ್ಕೆ ಮಾರ್ಮನ್ ಪಂಥದವರ ಮೇಲೆ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1890ರಲ್ಲಿ, ಸೃಷ್ಟಿಕರ್ತನ ಜೊತೆಗಿನ ಮನುಷ್ಯನ ಸಂಬಂಧವೇ ಧರ್ಮ ಎಂದಿತ್ತು. ಈ ಮಾತು ನಮ್ಮ ದೇಶಕ್ಕೆ ಹೊಂದುವುದಿಲ್ಲ ಎಂದರು ಮುಖರ್ಜಿ. ಬೌದ್ಧರೂ ಜೈನರೂ ಸೃಷ್ಟಿಕರ್ತನನ್ನು ನಂಬುವುದಿಲ್ಲ, ಹಾಗೆಂದು ಅವು ಧರ್ಮಗಳಲ್ಲವೆ? ಧರ್ಮವೆಂದರೆ ಬರೀ ನಂಬಿಕೆಯೂ ಅಲ್ಲ. ಯಾವ ಹೊತ್ತಿನಲ್ಲಿ ನೈವೇದ್ಯವಾಗಬೇಕು, ಯಾವ ತಿಥಿಗೆ ಯಾವ ಉತ್ಸವ, ಯಾವಾಗ ಹೋಮ ಎಂಬುದನ್ನು ಪಂಥವೊಂದು ವಿಧಿಸಿಕೊಂಡಿದ್ದರೆ ಅದೂ ಧರ್ಮವೇ. ಅದಕ್ಕೆ ದುಡ್ಡು ಖರ್ಚಾಗುತ್ತದೆ, ಅರ್ಚಕರು ಬೇಕಾಗುತ್ತಾರೆ ಎಂದ ಮಾತ್ರಕ್ಕೆ ಅದು ಲೌಕಿಕ ವ್ಯವಹಾರವಾಗುವುದಿಲ್ಲ. ಧರ್ಮವೊಂದರಲ್ಲಿ ಯಾವುದು ಮುಖ್ಯ ಎಂಬುದನ್ನು ಮೊದಲಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು.

ಇನ್ನೊಂದು ಕಡೆಯಲ್ಲಿ ಗೆರೆ ಬಿತ್ತು. ಪಂಥದ ಆಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದು. ಏನು ನೈವೇದ್ಯ ಎಂಬುದು ಮಠಕ್ಕೆ ಬಿಟ್ಟದ್ದು. ಅದಕ್ಕೆ ಎಷ್ಟರ ಮಟ್ಟಿಗೆ ಖರ್ಚು ಎಂಬುದನ್ನು ಕಾನೂನು ನಿಯಂತ್ರಿಸಬಹುದು. ಅಡಿಗೆ ಸ್ವಾಮಿಗಳದು, ಅಳತೆಯ ಸೇರು ಸರ್ಕಾರದ್ದು ಎಂದರೆ ಸರಿಹೋದೀತು. ರಿಜಿಸ್ಟರು, ಲೆಕ್ಕಪತ್ರದ ಮೇಲ್ವಿಚಾರಣೆ ಉಳಿಯಿತು. ಆದರೆ ಅಧಿಕಾರಿಗಳು ಎಲ್ಲಿಗೆ ಬೇಕಾದರೂ, ಗರ್ಭಗುಡಿಗೆ ಕೂಡ, ನುಗ್ಗಬಹುದೆಂಬ ಕಲಂ ನಿಲ್ಲಲಿಲ್ಲ. ಮಠಾಧಿಪತಿಗೆ ಬಂದ ಪಾದಕಾಣಿಕೆಯ ಮೇಲೆ ಹಾಕಿದ್ದ ನಿರ್ಬಂಧ ನಿಲ್ಲಲಿಲ್ಲ. ತಪ್ಪಿಲ್ಲದಿದ್ದರೂ ವ್ಯವಸ್ಥಾಪಕನನ್ನು ಹೇರುವ ಕಲಂ, ಅಂದರೆ ಉಡುಪಿಯ ಜಗಳಕ್ಕೆ ಮೂಲವಾದಂಥದೇ ಕಲಂ, ಅದೂ ಬಿದ್ದುಹೋಯಿತು. ಮಠದ ಆದಾಯದಲ್ಲಿ ಶೇಕಡಾ 5ರವರೆಗೆ ಸರ್ಕಾರ ವಸೂಲು ಮಾಡುವ ಹಣ ಶುಲ್ಕವಲ್ಲ, ತೆರಿಗೆ. ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದೂ ಕೋರ್ಟು ಹೇಳಿತು. ಕಮಿಷನರ ಮೇಲ್ಮನವಿ ವಜಾ ಆಯಿತು.

ಮಠಗಳ ಬದುಕನ್ನು ನಿಜವಾಗಿ ಬದಲಿಸಿದ್ದು ಈ ತೀರ್ಪಲ್ಲ, 1974ರ ಭೂಸುಧಾರಣೆ ತಿದ್ದುಪಡಿ. ಗೇಣಿ ಅಕ್ಕಿ ಬರುತ್ತಿದ್ದ ಗದ್ದೆಗಳು ಒಕ್ಕಲುಗಳ ಪಾಲಾದವು. ಅದನ್ನು ಧರ್ಮದ ಪ್ರಶ್ನೆಯೆಂದು ಕೋರ್ಟು ಎತ್ತಿಹಿಡಿಯುವ ಸಂಭವವೂ ಇರಲಿಲ್ಲ.

ತೀರ್ಪು ಬೆಳೆದದ್ದು ಬೇರೆ ದಿಕ್ಕಿನಲ್ಲಿ. ಮುಖ್ಯ ಯಾವುದೆಂದು ಧರ್ಮವೇ ಹೇಳಲಿ ಎಂದೇನೋ ಕೋರ್ಟು ಅಂದಿತು. ಆದರೆ ವ್ಯಾಜ್ಯ ಬಂದಾಗ ಧರ್ಮ ಹೇಳಿದ್ದನ್ನು ಕೇಳಿಸಿಕೊಂಡು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಬಂದದ್ದು ಮತ್ತೆ ದಕ್ಷಿಣ ಕನ್ನಡದಿಂದಲೇ. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತರದು, ಎಲ್ಲ ಹಿಂದೂಗಳಿಗೂ ಪ್ರವೇಶ ಕೊಡಿಸುವ ಮದ್ರಾಸಿನ 1947ರ ಕಾಯಿದೆ ತಮಗೆ ಅನ್ವಯಿಸದು ಎಂದು ಧರ್ಮದರ್ಶಿಗಳು ಕೋರ್ಟಿಗೆ ಹೋದರು. ಮದ್ರಾಸ್ ಪ್ರಾಂತದಲ್ಲಿ ಹುಟ್ಟಿದ ದಾವೆ ಮುಗಿಯುವಾಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತ್ತು. 1957ರ ನವೆಂಬರ್‌ನ ತೀರ್ಪಿನಲ್ಲಿ ನ್ಯಾಯಾಧೀಶರು ಆಗಮಗಳು ಏನು ಹೇಳುತ್ತವೆ ಎಂದು ತಾವೇ ನೋಡಿದರು. ಯಾರು ಒಳಬರಬಹುದು ಎಂಬುದು ಧರ್ಮದ ವಿಷಯವೇ ಹೌದು ಎಂದು ಒಪ್ಪಿದರು. ಆದರೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಯಲು ಸಂವಿಧಾನ ಕೊಟ್ಟ ಅಧಿಕಾರ ಅದಕ್ಕಿಂತ ಮೇಲೆಂದು ಬಾಗಿಲು ತೆರೆಸಿದರು. ಪಂಥದವರಷ್ಟೇ ಭಾಗವಹಿಸುವ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಬಿಟ್ಟುಕೊಟ್ಟರು. ಹೊರಗೆ ನಿಂತಿದ್ದವರ ದೃಷ್ಟಿಯಿಂದ ಇದು ಶಿರೂರು ತೀರ್ಪಿಗಿಂತ ದೊಡ್ಡ ತೀರ್ಪು.

ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 2ರಂದು ಅಂಬೇಡ್ಕರ್ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಈ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗೆ ಎಲ್ಲವೂ ಧರ್ಮವೇ ಆಗಿರುವುದರಿಂದ ಮೂಲತಃ ಧಾರ್ಮಿಕವಾದದ್ದಕ್ಕಷ್ಟೇ ಧರ್ಮದ ವ್ಯಾಖ್ಯೆಯನ್ನು ಸೀಮಿತಗೊಳಿಸಬೇಕು ಎಂಬುದು ಅದರ ಸಾರ. ಅಂಬೇಡ್ಕರ್ ಕೇಳಿದ್ದು, ಇದು ಧಾರ್ಮಿಕವೋ ಲೌಕಿಕವೋ ಎಂದು. ಬರಬರುತ್ತ ಕೋರ್ಟುಗಳು ಕೇಳತೊಡಗಿದ್ದು, ಇದು ಧರ್ಮಕ್ಕೆ ಅತ್ಯಗತ್ಯವೋ ಅಲ್ಲವೋ ಎಂದು. ಎರಡೂ ಒಂದೇ ಪ್ರಶ್ನೆ ಎನಿಸಬಹುದು, ಅಲ್ಲ. ಮೊದಲನೆಯದಕ್ಕೆ ಲೋಕಜ್ಞಾನ ಸಾಕು, ಎರಡನೆಯದಕ್ಕೆ ಶಾಸ್ತ್ರ ಓದಬೇಕು. 1958ರಲ್ಲಿ ಬಕ್ರೀದಿಗೆ ಗೋವಿನ ಬಲಿ ಇಸ್ಲಾಮಿಗೆ ಕಡ್ಡಾಯವೇ ಎಂದು ಕೋರ್ಟು ಪರಿಶೀಲಿಸಿ, ಅಲ್ಲ ಎಂದಿತು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್, ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡ ಆಚರಣೆಗಳಿಗೆ ರಕ್ಷಣೆ ಸಿಗದಿರಬಹುದು ಎಂದರು. ಯತಿಯ ಕೈಯಿಂದ ಲೆಕ್ಕದ ಪುಸ್ತಕವನ್ನು ಮಾತ್ರ ತೆಗೆದುಕೊಳ್ಳಬಹುದೆಂದಿದ್ದ ನ್ಯಾಯಾಲಯ, ಇಲ್ಲಿಗೆ ಬರುವಷ್ಟರಲ್ಲಿ ಧರ್ಮಗ್ರಂಥವನ್ನೂ ಕೈಗೆತ್ತಿಕೊಂಡಿತ್ತು.

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ, ತಲೆಗೆ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರು ತರಗತಿಯ ಹೊರಗೆ ಉಳಿಯಬೇಕಾಯಿತು. ಊರು ಅದೇ. ಶಿರೂರು ತೀರ್ಪಿಗೆ 68 ವರ್ಷ ತುಂಬಲು ಒಂದು ದಿನ ಬಾಕಿಯಿದ್ದಾಗ, 2022ರ ಮಾರ್ಚ್ 15ರಂದು, ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಮಠವನ್ನು ಕಾಯಲು ಕೊಟ್ಟ ಅಳತೆಗೋಲು ಹುಡುಗಿಯರ ಎದುರು ನಿಂತದ್ದನ್ನು ಗಮನಿಸಬೇಕು. ಅವರು ಪಂಥದ ಮುಖ್ಯಸ್ಥರಲ್ಲ, ಆಸ್ತಿಯ ಒಡೆಯರಲ್ಲ. ಅವರು ಕೇಳಿದ್ದು ಓದುವ ಅವಕಾಶ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧುಲಿಯಾ ಅವುಗಳನ್ನು ಪುರಸ್ಕರಿಸಿ, ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ಇಲ್ಲಿ ಹೋಗಬೇಕಾಗಿಯೇ ಇರಲಿಲ್ಲ, ಅದು ಹುಡುಗಿಯ ಆಯ್ಕೆಗೆ ಬಿಟ್ಟ ವಿಷಯ ಎಂದರು. ಕಡತ ದೊಡ್ಡ ಪೀಠ ರಚಿಸುವುದಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.